ನನ್ನ ಚಿತ್ರದ ಹೆಂಗಸರು ಯಾಕೆ ಮುಖ ಕೊಡುವುದಿಲ್ಲ?

ಮಂಗಳೂರಿನಲ್ಲಾಗಲಿ ಉಡುಪಿಯಲ್ಲಾಗಲಿ ನನ್ನ ಚಿತ್ರಗಳನ್ನು ನೋಡಲು ಬಂದವರು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: "ಹಳೆಯ ಪಟಗಳನ್ನು ನೋಡಿಕೊಂಡೇ ಬರೆಯುತ್ತೀರಿ, ಸೀರೆಯ ಅಂಚನ್ನಾಗಲಿ ಜಡೆಯ ಮೊಗ್ಗನ್ನಾಗಲಿ ಬಿಡುವುದಿಲ್ಲ, ಆದರೆ ಹೆಂಗಸರೆಲ್ಲ ಯಾಕೆ ಬೆನ್ನು ಹಾಕಿ ಕುಳಿತಿದ್ದಾರೆ?" ನಿಂತಲ್ಲೇ ಕೊಟ್ಟ ಉತ್ತರ ಪ್ರತಿಸಲವೂ ಅರ್ಧಕ್ಕೆ ನಿಂತಿದೆ. ಪೂರ್ತಿ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಇದು ಶುರುವಾದದ್ದು ನನ್ನ ಚಿಕ್ಕಮ್ಮನ ಒಂದು ಪಟದಿಂದ. ಹುಡುಗಿಗೆ ಮೊಗ್ಗಿನ ಜಡೆ ಹಾಕಿ, ಸ್ಟುಡಿಯೋಗೆ ಕರೆದೊಯ್ದು, ಬೆನ್ನ ಮೇಲಿನ ಜಡೆಯೂ ಕನ್ನಡಿಯೊಳಗಿನ ಮುಖವೂ ಒಟ್ಟಿಗೆ ಕಾಣುವಂತೆ ಪಟ ತೆಗೆಸುವ ರೂಢಿ ನಮ್ಮಲ್ಲಿ ಬಹುಕಾಲ ಇತ್ತು. ಚಿಕ್ಕಮ್ಮನ ಪಟವೂ ಅಂಥದೇ, ಕಪ್ಪು ಬಿಳುಪಿನದು. ಅದನ್ನು ಗಂಡಿನ ಕಡೆಯವರೊಬ್ಬರಿಗೆ ಕಳುಹಿಸಿದ್ದರು. ಎರಡು ತಿಂಗಳ ಮೇಲೆ ಮರಳಿ ಬಂದಾಗ ಅದರ ಹಿಂಬದಿಯಲ್ಲಿ ನೀಲಿ ಶಾಯಿಯಿಂದ 'ಬಣ್ಣ ಕಡಿಮೆ' ಎಂದು ಯಾರೋ ಬರೆದಿದ್ದರು. ಚಿಕ್ಕಮ್ಮ ಆ ಮನೆಯ ಹೊಸ್ತಿಲು ದಾಟಿದವರಲ್ಲ, ಆ ಮನೆಯವರು ಅವರನ್ನು ಕಣ್ಣಾರೆ ಕಂಡವರೂ ಅಲ್ಲ. ಅವರಿಗೆ ಬದಲಾಗಿ ಪಟವೇ ಹೋಗಿ, ಯಾರು ಯಾರ ಕೈಗಳನ್ನೋ ದಾಟಿ, ತೀರ್ಪನ್ನು ಬೆನ್ನ ಮೇಲೆ ಬರೆಸಿಕೊಂಡು ಬಂದಿತ್ತು. ಕಪ್ಪು ಬಿಳುಪಿನ ಪಟದಲ್ಲಿ ಮೈಬಣ್ಣ ಹೇಗೆ ಕಾಣುತ್ತದೆ ಎನ್ನುವುದು ದೀಪ ಎಷ್ಟು ದೂರವಿತ್ತು, ಫಿಲ್ಮಿಗೆ ಎಷ್ಟು ಬೆಳಕು ತಾಗಿತು, ಡಾರ್ಕ್‌ರೂಮಿನಲ್ಲಿ ಪ್ರಿಂಟನ್ನು ಎಷ್ಟು ಗಾಢವಾಗಿ ತೆಗೆದರು ಎಂಬುದನ್ನೆಲ್ಲ ಅವಲಂಬಿಸಿರುತ್ತದೆ. ಛಾಯಾಗ್ರಾಹಕನ ಕೈಯಲ್ಲಿದ್ದ ಈ ಲೆಕ್ಕವನ್ನು ಹುಡುಗಿಯ ಕೊರತೆಯೆಂದು ಬರೆದುಕಳುಹಿಸುವ ಅಧಿಕಾರ ಆ ಶಾಯಿಗೆ ಎಲ್ಲಿಂದ ಬಂತು ಎಂದು ನಾನು ಇಂದಿಗೂ ಕೇಳಿಕೊಳ್ಳುತ್ತೇನೆ.

ಹೀಗೆ ಪಟವಿಟ್ಟು ಅಳೆಯುವುದಕ್ಕೆ ದೀರ್ಘ ಚರಿತ್ರೆಯೇ ಇದೆ. 1869ರಲ್ಲಿ ಜಾನ್ ಲ್ಯಾಂಪ್ರಿ ಎಂಬಾತ ಚೌಕಟ್ಟಿಗೆ ರೇಷ್ಮೆ ದಾರ ಬಿಗಿದು, ಎರಡೆರಡು ಇಂಚಿನ ಚೌಕಗಳನ್ನು ಮಾಡಿ, ಅದರ ಮುಂದೆ ಜನರನ್ನು ಬೆತ್ತಲೆ ನಿಲ್ಲಿಸಿ ಪಟ ತೆಗೆಯುವ ವಿಧಾನವನ್ನು ಪ್ರಕಟಿಸಿದ. ದೇಹಗಳನ್ನು ಹೋಲಿಸಿ ಜನಾಂಗಗಳನ್ನು ವಿಂಗಡಿಸಬಹುದೆಂಬುದು ಅದರ ಹಿಂದಿನ ನಂಬಿಕೆ. ನಮ್ಮ ಜಿಲ್ಲೆ ಮದರಾಸು ಪ್ರಾಂತ್ಯದಲ್ಲಿದ್ದ ಕಾಲದಲ್ಲಿ, ಅಲ್ಲಿನ ವಸ್ತುಸಂಗ್ರಹಾಲಯದ ಎಡ್ಗರ್ ಥರ್ಸ್ಟನ್ ಜನರ ತಲೆ, ಮೂಗುಗಳ ಅಳತೆ ತೆಗೆದು, 1909ರಲ್ಲಿ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಬಗ್ಗೆ ಏಳು ಸಂಪುಟಗಳನ್ನು ಹೊರತಂದ. ಬಂಟರು, ಬಿಲ್ಲವರು, ಕೊರಗರು ಎಲ್ಲರೂ ಅದರಲ್ಲಿದ್ದಾರೆ. ಹೆಣ್ಣು ನೋಡಿ ಬಂದವರು 'ಲಕ್ಷಣವಾಗಿದ್ದಾಳೆ' ಎನ್ನುವಾಗ ನನಗೆ ಆ ಅಳತೆಗೋಲು ನೆನಪಾಗುತ್ತದೆ.

ಆ ಅಳತೆಗೋಲನ್ನು ಕಲೆಯೊಳಗೆ ತಂದು ನಿಲ್ಲಿಸಿ ನನ್ನ ಕಣ್ಣು ತೆರೆಸಿದವರು ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಛಾಯಾಗ್ರಾಹಕಿ ಕ್ಲೇರ್ ಆರ್ನಿಯವರೊಂದಿಗೆ 2000ದಿಂದ 2004ರವರೆಗೆ ಮಾಡಿದ ಸರಣಿಯಲ್ಲಿ ಅವರು ದಕ್ಷಿಣ ಭಾರತದ ಹೆಣ್ಣಿನ ಪ್ರಸಿದ್ಧ ಚಿತ್ರಗಳನ್ನು ಆರಿಸಿಕೊಂಡು, ತಾವೇ ವೇಷ ಧರಿಸಿ ಅವುಗಳೊಳಗೆ ನಿಂತರು. ಒಂದರಲ್ಲಿ ಅವರು ರವಿವರ್ಮನ ಲಕ್ಷ್ಮಿ. ಇನ್ನೊಂದರಲ್ಲಿ ಚೌಕಳಿಯ ಪರದೆಯ ಮುಂದೆ ನಿಂತ, ನೀಲಗಿರಿಯ ತೋಡ ಬುಡಕಟ್ಟಿನ ಹೆಂಗಸು. ಮತ್ತೊಂದರಲ್ಲಿ ಪತ್ರಿಕೆಯಲ್ಲಿ ಬಂದ ಪೊಲೀಸ್ ಪಟದ ಆರೋಪಿ. ಮುಖ ಒಂದೇ. ಆದರೂ ನೋಡುವ ನಾನು ಮೊದಲನೆಯದಕ್ಕೆ ಕೈಮುಗಿಯಲು, ಎರಡನೆಯದನ್ನು ಕುತೂಹಲದಿಂದ ಕಾಣಲು, ಮೂರನೆಯದನ್ನು ಅನುಮಾನಿಸಲು ಸಿದ್ಧಳಾಗಿದ್ದೆ. ಹಿಂದಿನ ಪರದೆ ಬದಲಾದೊಡನೆ ನನ್ನ ತೀರ್ಪೂ ಬದಲಾಗಿತ್ತು ಎಂದು ತಿಳಿದಾಗ, ಆ ನೀಲಿ ಶಾಯಿಯ ಪೆನ್ನು ನನ್ನ ಕೈಯಲ್ಲೂ ಇದೆ ಎಂದು ಅಂಜಿದೆ.

1960ರಲ್ಲಿ, ಆಗ ಫ್ರಾನ್ಸಿನ ಆಳ್ವಿಕೆಯಲ್ಲಿದ್ದ ಅಲ್ಜೀರಿಯಾದಲ್ಲಿ, ಫ್ರೆಂಚ್ ಸೇನೆಯ ಆಜ್ಞೆಯಂತೆ ಗುರುತಿನ ಚೀಟಿಗಾಗಿ ಮಾರ್ಕ್ ಗಾರಾಂಜೆ ಎಂಬ ಸೈನಿಕ ಹತ್ತು ದಿನಗಳಲ್ಲಿ ಸುಮಾರು 2000 ಹೆಂಗಸರ ಪಟ ತೆಗೆದ, ಮುಸುಕು ತೆಗೆಯಲೇಬೇಕಿತ್ತು. ಆ ಮುಖಗಳಲ್ಲಿ ಉರಿಯುವ ಸಿಟ್ಟನ್ನು ನೋಡಿದರೆ, ಮುಖ ಕಾಣಿಸುವುದಕ್ಕೂ ಮುಖ ಕೊಡುವುದಕ್ಕೂ ಇರುವ ಅಂತರ ತಿಳಿಯುತ್ತದೆ. 'ಮುಖ ಕೊಟ್ಟು ಮಾತಾಡು' ಎಂದು ನಾವು ಹೇಳುತ್ತೇವಲ್ಲ, ಕೊಡುವುದು ಎಂದಮೇಲೆ ಅದು ಅವಳ ಇಷ್ಟ.

ನಮ್ಮ ಊರಿನದನ್ನೂ ಹೇಳಬೇಕು. 2009ರ ಜನವರಿ 24ರಂದು ಮಂಗಳೂರಿನ ಪಬ್ಬೊಂದರಲ್ಲಿ ಯುವತಿಯರನ್ನು ಹೊಡೆದಾಗ ಅಲ್ಲಿ ಕ್ಯಾಮೆರಾಗಳಿದ್ದವು. 2012ರ ಜುಲೈ 28ರಂದು ಪಡೀಲಿನ ಹೋಮ್‌ಸ್ಟೇಯಲ್ಲಿ ದಾಳಿಯಾದಾಗಲೂ ಇದ್ದವು. ದಾಳಿಕೋರರನ್ನು ಲೋಕ ಕಂಡದ್ದು ಆ ದೃಶ್ಯಗಳಿಂದಲೇ, ಅದನ್ನು ನಾನು ಅಲ್ಲಗಳೆಯಲಾರೆ. ಆದರೆ ಅದೇ ದೃಶ್ಯಗಳನ್ನು ಮತ್ತೆ ಮತ್ತೆ ನೋಡುತ್ತ, ಆ ಹುಡುಗಿಯರು ಅಲ್ಲಿಗೆ ಯಾಕೆ ಹೋದರು, ಏನು ಉಟ್ಟಿದ್ದರು ಎಂದು ವಿಚಾರಣೆ ನಡೆಸಿದ ಮನೆಗಳನ್ನು ನಾನು ಬಲ್ಲೆ. ಹೊಡೆತ ತಿಂದವರೇ ಕಟಕಟೆಯಲ್ಲಿ ನಿಂತಿದ್ದರು.

ಹಾಗಾದರೆ ಪಟವೇ ಬೇಡವೇ ಎಂದು ಕೆಲವರು ಕೇಳುತ್ತಾರೆ. ಬೇಕು. 1980ರ ದಶಕದಲ್ಲಿ ದೆಹಲಿಯ ಮಹಿಳಾ ಚಳವಳಿಯ ಪಟ ತೆಗೆಯುತ್ತಿದ್ದ ಶೀಬಾ ಛಾಛಿ ಅವರಿಗೆ ಆ ಪಟಗಳು ಸಾಲದೆನಿಸಿ, ಏಳು ಮಂದಿ ಹೋರಾಟಗಾರ್ತಿಯರ ಜೊತೆ ಕುಳಿತು, ಎಲ್ಲಿ, ಯಾವ ವಸ್ತುಗಳೊಂದಿಗೆ, ಹೇಗೆ ಕಾಣಿಸಿಕೊಳ್ಳಬೇಕು ಎಂಬುದನ್ನು ಅವರೊಡನೆಯೇ ನಿರ್ಧರಿಸಿ ಪಟ ತೆಗೆದರು. ನಾನು ಕೂಡ ಈಗ ಮೊದಲು ಕೇಳಿಯೇ ಬರೆಯುವುದು. ತೀರಿಹೋದವರ ಪಟವಾದರೆ, ಕೇಳಲು ಅವರಿಲ್ಲದ್ದರಿಂದ, ಬೆನ್ನನ್ನಷ್ಟೇ ಬರೆಯುತ್ತೇನೆ.

ಚಿಕ್ಕಮ್ಮನನ್ನೂ ಕೇಳಿದ್ದೆ, ಕನ್ನಡಿಯೊಳಗೆ ಮುಖ ಬರೆಯಲೇ ಎಂದು. ಅವರು ಪಟವನ್ನು ಬಹಳ ಹೊತ್ತು ನೋಡಿ ಹೇಳಿದರು: "ಮುಖ ಬೇಡ ಮಾರಾಯ್ತಿ. ಜಡೆ ಸರಿಯಾಗಿ ಬರಿ. ಆ ಮೊಗ್ಗು ಎಲ್ಲ ಅಮ್ಮ ಬೆಳಿಗ್ಗೆ ಎದ್ದು ಕುಳಿತು ಕಟ್ಟಿದ್ದು."