ಬಿಸಿಯಾದರೆ ಮಾತ್ರ ಜಾರುವ ಕ್ಲಚ್: ಅಪ್ಪನ ಸ್ಪ್ಲೆಂಡರ್, ಕಂತು 3

ಕೊನೆಗೂ ಸಿಕ್ತು. ಮೂರು ಭಾನುವಾರ, ಎರಡು ಸೆಟ್ ಕ್ಲಚ್ ಪ್ಲೇಟ್, ಎರಡು ಸಲ ಆಯಿಲ್, ಒಂದು ಹಳೇ ಲುಂಗಿ. ಇಷ್ಟು ಹೋದ ಮೇಲೆ ಸಿಕ್ತು. ಇಂಜಿನ್ ಒಳಗೆ ನಾನು ಹುಡುಕುತ್ತಿದ್ದ ಕಳ್ಳ ಹೊರಗಡೆ, ನನ್ನ ಕಣ್ಣೆದುರಿಗೇ ನೇತಾಡುತ್ತಿದ್ದ.

ಗಾಡಿ ಅದೇ, ಅಪ್ಪನ 1997ರ ಸ್ಪ್ಲೆಂಡರ್. ರೋಗವೂ ನಿಮಗೆಲ್ಲ ಗೊತ್ತಿರುವುದೇ. ಟಾಪ್ ಗೇರಿನಲ್ಲಿ ರೇಸ್ ಕೊಟ್ಟರೆ ಇಂಜಿನ್ ಕೂಗುತ್ತದೆ, ಗಾಡಿ ಮಾತ್ರ ಎಮ್ಮೆಯಂತೆ ತನ್ನ ಪಾಡಿಗೆ ತಾನು ಹೋಗುತ್ತದೆ. ಇಂಜಿನ್ ಬಲವನ್ನು ಚಕ್ರಕ್ಕೆ ದಾಟಿಸುವ ಕ್ಲಚ್ ಹಿಡಿತ ಬಿಟ್ಟು ಜಾರುತ್ತಿದೆ ಅಂತ ಅರ್ಥ. ಆಯಿಲ್ ಇಳಿಸಿದ್ದು, ಕಿಕ್ಕರ್ ತೆಗೆದಿದ್ದು, ಬಲಗಡೆ ಕವರ್ ಬಿಚ್ಚಿದ್ದು ಎಲ್ಲ ಬಿಡಿ. ಒಂದೇ ಮಾತು ಹೇಳ್ತೀನಿ. ಕ್ಲಚ್ ಮಧ್ಯದ ಸ್ಲಾಟ್ ನಟ್ಟಿಗೆ ಉಳಿ, ಸುತ್ತಿಗೆ ಹಚ್ಚಬೇಡಿ. ಅದಕ್ಕೆ ಬೇರೆ ಸಾಕೆಟ್ ಸಿಗುತ್ತದೆ, ತಗೊಳ್ಳಿ. ನನ್ನ ಗಾಡಿಯ ನಟ್ಟಿನ ಮೇಲೆ ಹಿಂದಿನ ಮಿಸ್ತ್ರಿಗಳೆಲ್ಲ ಉಳಿಯಿಂದ ಸಹಿ ಹಾಕಿ ಹೋಗಿದ್ದಾರೆ.

ಒಳಗೆ ಪ್ಲೇಟುಗಳು ಸುಟ್ಟಿದ್ದವು. ಆ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ರಾತ್ರಿ ಊಟದ ತಾಟಿನಲ್ಲೂ ಅದೇ. ವರ್ನಿಯರ್ ಹಿಡಿದು ದಪ್ಪ ಅಳೆದೆ. ಹಳೇ ಪ್ಲೇಟ್ 2.5 ಮಿ.ಮೀ., ಹೊಸದು 2.9. ನಡುವಿನ ಸ್ಟೀಲ್ ಪ್ಲೇಟುಗಳು ಕಾದು ಕಾದು ನವಿಲಿನ ಕುತ್ತಿಗೆ ಬಣ್ಣಕ್ಕೆ ತಿರುಗಿದ್ದವು. ಗಾಜಿನ ಮೇಲೆ ಇಟ್ಟು ಒತ್ತಿದರೆ ಒಂದು ಟಿಕ್ ಟಿಕ್ ಅಂದಿತು, ಬಾಗಿತ್ತು. ಪ್ಲೇಟುಗಳನ್ನು ಒತ್ತಿ ಹಿಡಿಯುವ ಸ್ಪ್ರಿಂಗುಗಳನ್ನು ಹೊಸದರ ಪಕ್ಕ ನಿಲ್ಲಿಸಿದರೆ ಹಳೆಯವು ಒಂದು ಮಿ.ಮೀ. ಗಿಡ್ಡ. ಇಷ್ಟು ಸಾಕ್ಷಿ ಸಿಕ್ಕರೆ ಯಾರಾದರೂ ಕೇಸ್ ಮುಗಿಸುತ್ತಾರೆ. ನಾನೂ ಮುಗಿಸಿದೆ.

ಆದರೆ ಹೊಸ ಪ್ಲೇಟಿನದೇ ಒಂದು ಪುರಾಣ. ಮೊದಲ ಸೆಟ್ ತಂದ ಅಂಗಡಿಯ ಹೆಸರು ಬೇಡ. "ಒರಿಜಿನಲ್ ಅದರಿ ಸರ, ಹೋಲೋಗ್ರಾಮ್ ನೋಡ್ರಿ" ಅಂದರು. ಹೋಲೋಗ್ರಾಮ್ ಒರಿಜಿನಲ್ಲೇ ಇತ್ತೇನೋ. ಪ್ಲೇಟಿನ ಕಿವಿಗಳು ಮಾತ್ರ ಅವು ಕೂರುವ ಹೌಸಿಂಗಿನ ಸೀಳಿನೊಳಗೆ ಇಳಿಯಲೇ ಇಲ್ಲ. ವಾಪಸ್ ತಗೊಂಡು ಹೋದರೆ, "ಸ್ವಲ್ಪ ಅರ ಹಚ್ಚಿ ತಿಕ್ಕಿ ಹಾಕ್ರಿ, ಎಲ್ಲಾರೂ ಹಂಗ ಮಾಡ್ತಾರ." ಯಾರು ಆ ಎಲ್ಲಾರೂ? ಜೊತೆಗೆ ಕೊಟ್ಟ ಕವರ್ ಪ್ಯಾಕಿಂಗ್ (ಆಯಿಲ್ ಸೋರದಂತೆ ಕವರ್ ಅಡಿ ಹಾಕುವ ಹಾಳೆ) ಯಾವುದೋ ಬೇರೆ ಗಾಡಿಯದು. ಒಂದು ಸ್ಕ್ರೂ ತೂತು ಕೂಡಿದರೆ ಇನ್ನೊಂದು ಕೂಡುವುದಿಲ್ಲ. ಬೇರೆ ಅಂಗಡಿಯಿಂದ ಎರಡನೇ ಸೆಟ್ ತಂದೆ, ಸೀಳಿನೊಳಗೆ ನೀಟಾಗಿ ಇಳಿಯಿತು. ಒಂದು ರಾತ್ರಿ ಆಯಿಲ್‌ನಲ್ಲಿ ನೆನೆಸಿಟ್ಟೆ.

ನೆನೆಯುವಾಗ ಮಾಡಲು ಕೆಲಸ ಇಲ್ಲ, ತಲೆ ಬ್ಯಾಡಗಿಗೆ ಹೋಯಿತು. ಅಲ್ಲಿ ಸೋದರಮಾವನ ಮನೆಯ ಹಿಂದೆ, ಮೆಣಸಿನಕಾಯಿ ಚೀಲಗಳ ಕೆಳಗೆ ಒಂದು ಯೆಜ್ಡಿ ಮಲಗಿದೆ. ಮೈಸೂರಿನ ಐಡಿಯಲ್ ಜಾವಾದ ಗಾಡಿ. ಆ ಕಾರ್ಖಾನೆ 1996ರಲ್ಲೇ ಮುಚ್ಚಿತು. ಅದರ ಕ್ಲಚ್ಚೇ ಒಂದು ಮಜಾ. ಕಿಕ್ಕರೂ ಗೇರ್ ಲಿವರೂ ಒಂದೇ ಕಡ್ಡಿ. ಗೇರ್ ಒತ್ತಿದರೆ ಒಳಗಿನ ಕ್ಯಾಮ್ ತಾನೇ ಕ್ಲಚ್ ಬಿಡಿಸುತ್ತದೆ, ಕೈಯಲ್ಲಿ ಹಿಡಿಯದಿದ್ದರೂ ಗೇರ್ ಬೀಳುತ್ತದೆ. ಅದನ್ನು ಬಿಚ್ಚಿ ನೋಡಬೇಕೆಂದು ಎರಡು ವರ್ಷದಿಂದ ಕೈ ಕಡಿಯುತ್ತಿದೆ. ಹೋದ ಸಲ ಒಂದು ಚೀಲ ಸರಿಸಿದ್ದಕ್ಕೇ ಅರ್ಧ ಗಂಟೆ ಸೀನಿದೆ.

ಇರಲಿ. ಎಲ್ಲ ಜೋಡಿಸಿ ಭಾನುವಾರ ಬೆಳಿಗ್ಗೆ ಹುಬ್ಬಳ್ಳಿಯಿಂದ ಧಾರವಾಡದ ಕಡೆ ಹೊರಟೆ. ಉಣಕಲ್, ಭೈರಿದೇವರಕೊಪ್ಪ, ನವನಗರದವರೆಗೆ ಬೆಣ್ಣೆ. ಹೆಲ್ಮೆಟ್ ಒಳಗೆ ಹಾಡು ಬೇರೆ. ರಾಯಾಪುರ ದಾಟಿ ಒಂದು ಲಾರಿ ಹಿಂದೆ ಹಾಕೋಣ ಅಂತ ರೇಸ್ ಕೊಟ್ಟೆ. ಗುಂಯ್ ಅಂತ ಕೂಗಿತು, ಲಾರಿ ಮುಂದೆಯೇ ಉಳಿಯಿತು. ಹೊಸ ಪ್ಲೇಟ್, ಹೊಸ ಸ್ಪ್ರಿಂಗ್, ಹಳೇ ರೋಗ.

ಮೊದಲು ಆಯಿಲ್ ಮೇಲೆ ಅನುಮಾನ ಬಂತು. ನಮ್ಮ ಗಾಡಿಗಳ ಕ್ಲಚ್ ಇಂಜಿನ್ ಆಯಿಲ್‌ನಲ್ಲೇ ಮುಳುಗಿ ಕೆಲಸ ಮಾಡುವುದು, ಅಲ್ವಾ? ಕೆಲವು ಕಾರ್ ಆಯಿಲ್‌ಗಳಲ್ಲಿ ತಿಕ್ಕಾಟ ಕಡಿಮೆ ಮಾಡುವ ಔಷಧಿ ಹಾಕಿರುತ್ತಾರೆ. ಕಾರಿಗೆ ಅದು ಒಳ್ಳೆಯದು. ನಮ್ಮ ಪ್ಲೇಟಿಗೆ ಮಾತ್ರ ಹಿಡಿತವೇ ಅನ್ನ, ಆ ಆಯಿಲ್ ಅದನ್ನೇ ಕಸಿಯುತ್ತದೆ. ಅದಕ್ಕೇ ಡಬ್ಬಿ ಮೇಲೆ ಜಾಸೋ ಎಂಎ (JASO MA) ಅಂತ, ಅಂದರೆ ಆಯಿಲ್‌ನಲ್ಲಿ ಮುಳುಗುವ ಬೈಕ್ ಕ್ಲಚ್‌ಗೆ ಹೊಂದುತ್ತದೆ ಅನ್ನುವ ಗುರುತು, ಇದೆಯಾ ನೋಡಿ ತಗೊಳ್ಳಬೇಕು. ನನ್ನ ಡಬ್ಬಿ ಮೇಲೆ ಇತ್ತು. ಆದರೂ ನನ್ನ ತಮ್ಮ ತನ್ನ ಕಾರಿಗೆ ಹಾಕಿ ಉಳಿದ ಆಯಿಲನ್ನು ಇದಕ್ಕೆ ಸುರಿದನೋ ಏನೋ ಅಂತ ಫೋನ್ ಮಾಡಿ ವಿಚಾರಣೆ ಮಾಡಿದೆ. ಅವನಿಗೆ ಸಿಟ್ಟು ಬಂತು. ಆಯಿಲ್ ಬದಲಿಸಿದೆ. ಮುಂದಿನ ಭಾನುವಾರ ಮತ್ತೆ ರಾಯಾಪುರ, ಮತ್ತೆ ಗುಂಯ್.

ಆಮೇಲೆ ಕವರ್ ಮತ್ತೆ ಬಿಚ್ಚಿದೆ. ಪ್ಲೇಟುಗಳ ಸಾಲು ನೋಡಿದೆ, ಸರಿ. ಸ್ಪ್ರಿಂಗಿನ ನಾಲ್ಕು ಬೋಲ್ಟ್ ನೋಡಿದೆ, ಸರಿ. ಎಲ್ಲ ಸರಿ ಇರುವ ಗಾಡಿ ಜಾರುತ್ತಿದೆ ಅಂದರೆ ಮನುಷ್ಯ ಏನು ಮಾಡಬೇಕು?

ಕ್ಲಚ್ ಲಿವರ್ ಆಟ, ಅಂದರೆ ಕೇಬಲ್ ಬಿಗಿಯುವ ಮೊದಲು ಲಿವರ್ ಸಡಿಲವಾಗಿ ಆಡುವ ದೂರ, ನೋಡಿಲ್ವಾ ಅಂತ ನೀವು ಕೇಳ್ತೀರಿ. ನೋಡಿದ್ದೆ. ಲಿವರ್ ತುದಿಯಲ್ಲಿ 15 ಮಿ.ಮೀ. ಸ್ಕೇಲ್ ಹಿಡಿದು ಅಳೆದಿದ್ದು. ಪ್ರತಿ ಸಲ ಬೆಳಿಗ್ಗೆ, ಗಾಡಿ ತಣ್ಣಗಿದ್ದಾಗ, ಚಹಾ ಕುಡಿಯುತ್ತಾ ಅಳೆದೆ. ತಪ್ಪಿದ್ದು ಅಲ್ಲೇ.

ಮೂರನೇ ಭಾನುವಾರ ಧಾರವಾಡ ತನಕ ಹೋಗಿ ಬಂದು, ಇಂಜಿನ್ ಕಾದಿರುವಾಗಲೇ ನೃಪತುಂಗ ಬೆಟ್ಟದ ಏರಿಗೆ ಬಿಟ್ಟೆ. ಅರ್ಧದಲ್ಲೇ ಗಾಡಿ ಸೋತಿತು. ಪಕ್ಕಕ್ಕೆ ನಿಲ್ಲಿಸಿ ಸುಮ್ನೆ ಲಿವರ್ ಮೇಲೆ ಬೆರಳಿಟ್ಟೆ. ಆಟವೇ ಇಲ್ಲ. ಸೊನ್ನೆ. ಕೆಳಗೆ ಬಗ್ಗಿ, ಕವರ್ ಮೇಲೆ ಕೇಬಲ್ ಎಳೆಯುವ ಕಡ್ಡಿ, ಅಂದರೆ ಕ್ಲಚ್ ಆರ್ಮನ್ನು ಬೆರಳಿನಿಂದ ಹಿಂದಕ್ಕೆ ತಳ್ಳಿದೆ. ಒಂಚೂರು ತಡೆದು, ಕರ್ ಅಂತ ಹಿಂದಕ್ಕೆ ಹೋಯಿತು. ಅಂದರೆ ಇಷ್ಟು ಹೊತ್ತು ಯಾರೋ ನನ್ನ ಜೊತೆ ಕೂತು ಕ್ಲಚ್ ಕಾಲುಭಾಗ ಹಿಡಿದೇ ಬಂದಂತೆ. ಕೇಬಲಿನ ಅಡ್ಜಸ್ಟರನ್ನು ಪೂರ್ತಿ ಸಡಿಲ ಮಾಡಿ ಮತ್ತೆ ಏರಿಗೆ ಬಿಟ್ಟೆ. ಗೇರ್ ಬದಲಿಸುವಾಗ ಕಟಕಟ ಅಂದಿತು, ಆದರೆ ಜಾರಲಿಲ್ಲ. ಸೀದಾ ಮೇಲೆ! ವಾಕಿಂಗ್ ಬಂದಿದ್ದ ಇಬ್ಬರು ಹಿರಿಯರು ನಾನು ಗಾಡಿಗೆ ಕೈ ಮುಗಿದಿದ್ದನ್ನು ನೋಡಿ ದಾರಿ ಬಿಟ್ಟು ಸರಿದರು.

ಮನೆಗೆ ಬಂದು ಕೇಬಲ್ ತೆಗೆದು ಗರಗಸದಿಂದ ಸೀಳಿದೆ. ಹೊರಗಿನ ಕರಿ ಪ್ಲಾಸ್ಟಿಕ್ ಮೇಲೆ ಎರಡು ಬೆರಳಗಲ ಕಂದು ಕಲೆ. ಅದೇ ಜಾಗದಲ್ಲಿ ಒಳಗಿನ ಬಿಳಿ ನಳಿಕೆ ಕರಗಿ, ತಂತಿಯ ಎಳೆಗಳಿಗೆ ಜೋನಿಬೆಲ್ಲದಂತೆ ಅಂಟಿತ್ತು. ತಣ್ಣಗಿದ್ದಾಗ ಗಟ್ಟಿಯಾಗಿ ತಂತಿಗೆ ದಾರಿ ಬಿಡುತ್ತದೆ. ಕಾದರೆ ಮೆತ್ತಗಾಗಿ ತಂತಿಯನ್ನು ಹಿಡಿಯುತ್ತದೆ. ಆರ್ಮ್ ಸ್ಪ್ರಿಂಗಿಗೆ ಅದನ್ನು ವಾಪಸ್ ಎಳೆಯುವಷ್ಟು ಶಕ್ತಿ ಇಲ್ಲ.

ಕಲೆ ಎಲ್ಲಿಂದ ಬಂತು? ಸೈಲೆನ್ಸರ್ ಪೈಪಿನಿಂದ. ಕೇಬಲನ್ನು ಪೈಪಿನಿಂದ ದೂರ ಹಿಡಿಯುವ ಒಂದು ತಂತಿಯ ಕ್ಲಿಪ್ ಇರುತ್ತದಲ್ಲ, ನನ್ನ ಗಾಡಿಯಲ್ಲಿ ಅದು ಇರಲಿಲ್ಲ. ನಟ್ಟು, ಬೋಲ್ಟು ಹಾಕಿಡುವ ಧಾರವಾಡ ಪೇಡೆ ಡಬ್ಬಿ ಸುರುವಿ ನೋಡಿದೆ. ಅಡಿಯಲ್ಲಿತ್ತು. ಮೂರು ತಿಂಗಳ ಹಿಂದೆ ಕೇಬಲ್ ಬದಲಿಸಿದಾಗ ನಾನೇ ತೆಗೆದು, ನಾನೇ ಇಟ್ಟು, ನಾನೇ ಮರೆತಿದ್ದು. ಅಂಗಡಿಯವರಿಗೆ ಬೈದಿದ್ದರಲ್ಲಿ ಅರ್ಧ ವಾಪಸ್ ತಗೊಳ್ತೀನಿ. ಉಳಿದರ್ಧ ಆ ಪ್ಯಾಕಿಂಗ್ ಲೆಕ್ಕಕ್ಕೆ ಇರಲಿ.

ಹಳೇ ಪ್ಲೇಟುಗಳು ಸುಟ್ಟಿದ್ದೂ ಬಹುಶಃ ಇದರಿಂದಲೇ. ಮೂರು ತಿಂಗಳು ಕಾಲುಭಾಗ ಕ್ಲಚ್ ಹಿಡಿದು ಓಡಿಸಿದರೆ ಯಾವ ಪ್ಲೇಟ್ ಬದುಕುತ್ತದೆ?

ಈಗ ಹೊಸ ಕೇಬಲ್, ಕ್ಲಿಪ್ ಅದರ ಜಾಗದಲ್ಲಿ. ನಿನ್ನೆ ಧಾರವಾಡಕ್ಕೆ ಎರಡು ಸಲ ಹೋಗಿ ಬಂದು, ಕಾದ ಗಾಡಿಯಲ್ಲೇ ಆಟ ಅಳೆದೆ. 15 ಮಿ.ಮೀ. ಲಾರಿ ಹಿಂದೆ ಬಿತ್ತು.

ಮಾವನಿಗೆ ಫೋನ್ ಮಾಡಿದ್ದೆ. "ಚೀಲ ಎಲ್ಲಾ ಪ್ಯಾಟಿಗೆ ಹೋಗ್ಯಾವು, ಬಂದು ನಿನ್ನ ಗುಜರಿ ತಗೊಂಡ್ ಹೋಗೋ ಮಾರಾಯ" ಅಂದರು. ಬರುವ ಭಾನುವಾರ ಟೆಂಪೋ ಹೇಳಿದ್ದೇನೆ. ಮೂಗಿಗೆ ಕಟ್ಟಲು ಟವೆಲ್ಲು, ಪೇಡೆಯ ಹೊಸ ಡಬ್ಬಿ ರೆಡಿ ಇವೆ. ಡಬ್ಬಿ ಖಾಲಿ ಮಾಡುವ ಕೆಲಸ ನಡೆದಿದೆ.