ಮಲಗಿದವರ ಹತ್ತಿರ ಏನು ಕೆಲಸ?

“ಅಜ್ಜಾರು ಯಾವಾಗಲೂ ಮಲಗೇ ಇರ್ತಾರ, ಅವರ ಹತ್ರ ನಿಮಗೇನ ಕೆಲಸ ಅಕ್ಕಾರ?” ಬೆಳಗಾವಿಯ ಟಿಳಕವಾಡಿ, ಶಹಾಪುರ ಭಾಗದ ಮನೆಗಳಿಗೆ ರೋಗಿಗಳ ಆರೈಕೆಗೆಂದು ಹೋಗುವ ನನ್ನನ್ನು ನೆರೆಮನೆಯವರಷ್ಟೇ ಅಲ್ಲ, ಸಂಬಳ ಕೊಡುವವರೂ ಹೀಗೆ ಕೇಳುತ್ತಾರೆ.

ಲಕ್ವಾ ಹೊಡೆದು ಹಾಸಿಗೆ ಹಿಡಿದವರನ್ನು ಸಾಮಾನ್ಯವಾಗಿ 2 ತಾಸಿಗೊಮ್ಮೆ ಮಗ್ಗಲು ಬದಲಿಸಿ ಮಲಗಿಸಬೇಕಾಗುತ್ತದೆ. ಇಲ್ಲದಿದ್ದರೆ ಎಲುಬು ಒತ್ತುವ ಕಡೆ ರಕ್ತ ಹರಿಯದೆ ಬೆನ್ನಿನ ಕೆಳಭಾಗ, ಹಿಮ್ಮಡಿಗಳಲ್ಲಿ ಹುಣ್ಣಾಗುತ್ತದೆ. ಏರ್ ಬೆಡ್ ತಂದ ಮಾತ್ರಕ್ಕೆ ಈ ಕೆಲಸ ತಪ್ಪುವುದಿಲ್ಲ. ತೋಳು ಹಿಡಿದು ಎಳೆದರೆ ಬಲ ಕಳೆದುಕೊಂಡ ಭುಜದ ಕೀಲಿಗೆ ಪೆಟ್ಟಾಗುತ್ತದೆ, ಹಾಸಿಗೆಗೆ ಉಜ್ಜಿದರೆ ವಯಸ್ಸಾದವರ ತೆಳು ಚರ್ಮ ಕಿತ್ತುಬರುತ್ತದೆ. ಆದ್ದರಿಂದ ಅವರ ಮೊಳಕಾಲು ಮಡಿಸಿ, ಮೈಯಡಿಗೆ ಅಡ್ಡಲಾಗಿ ಹಾಸಿದ ಬಟ್ಟೆಯನ್ನು ಹಿಡಿದು, ಭುಜ ಮತ್ತು ಸೊಂಟ ಒಟ್ಟಿಗೆ ಹೊರಳುವಂತೆ ನೋಡಿಕೊಂಡು, ಬೆನ್ನಿಗೊಂದು, ಮೊಳಕಾಲುಗಳ ನಡುವೆ ಒಂದು ದಿಂಬು ಇಡುತ್ತೇನೆ. ಮೂಗಿನ ನಳಿಗೆಯಿಂದ ಗಂಜಿ ಕೊಡುವಾಗ ತಲೆಯ ಭಾಗ ಎತ್ತರದಲ್ಲಿರಬೇಕು, ಕೊಟ್ಟ ಮೇಲೂ ಕನಿಷ್ಠ ಅರ್ಧ ತಾಸು ಹಾಗೆಯೇ ಇರಬೇಕು. ಇಲ್ಲದಿದ್ದರೆ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿರುತ್ತದೆ. ಆ ಅರ್ಧ ತಾಸು ನಾನು ಕುರ್ಚಿಯಲ್ಲಿ ಕೂತು ಅವರ ಉಸಿರಾಟವನ್ನು ಗಮನಿಸುತ್ತಿದ್ದರೆ, ಪುಣೆಯಿಂದ ಕ್ಯಾಮೆರಾದಲ್ಲಿ ನೋಡುವ ಮಗನಿಗೆ ನಾನು ಸುಮ್ಮನೆ ಕೂತಂತೆ ಕಾಣುತ್ತದೆ.

2 ತಾಸಿಗೊಮ್ಮೆ ಮಗ್ಗಲು ಬದಲಿಸುವ ಲೆಕ್ಕ ರಾತ್ರಿಗೂ ಅನ್ವಯಿಸುತ್ತದೆ ಎಂಬುದನ್ನು ಬಹಳ ಮನೆಗಳಲ್ಲಿ ಒಪ್ಪುವುದಿಲ್ಲ. ಊಟ, ವಸತಿ ಕೊಡುತ್ತೇವೆ, ರಾತ್ರಿ ಅವರ ಕೋಣೆಯಲ್ಲೇ ಮಲಗಿಕೊಳ್ಳಿ ಎನ್ನುವವರು ಎರಡು ಪಾಳಿಯ ಕೆಲಸವನ್ನು ಒಂದೇ ಪಗಾರದಲ್ಲಿ ಮುಗಿಸಿಕೊಳ್ಳುತ್ತಾರೆ. (ನಡುವೆ ಪಾತ್ರೆ ತಿಕ್ಕಲು, ರೊಟ್ಟಿ ಬಡಿಯಲು ಕರೆಯುವುದು ಬೇರೆ.) ಕರ್ನಾಟಕ ಸರ್ಕಾರ ಮನೆಗೆಲಸದವರಿಗೆ 2004ರಲ್ಲೇ ಕನಿಷ್ಠ ವೇತನ ಗೊತ್ತುಪಡಿಸಿತ್ತು; ಆದರೆ ನನ್ನ ಅಭಿಪ್ರಾಯದಲ್ಲಿ ಪಗಾರದ ಮಾತಿಗಿಂತ ಮೊದಲು ತಾಸುಗಳ ಮಾತು ಇತ್ಯರ್ಥವಾಗಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ ಅಂಗೀಕರಿಸಿದ 189ನೆಯ ಒಡಂಬಡಿಕೆ, ಮನೆಗೆಲಸದವರಿಗೆ ವಾರಕ್ಕೊಮ್ಮೆ ಸತತ 24 ತಾಸುಗಳ ಬಿಡುವು ಇರಬೇಕೆನ್ನುತ್ತದೆ. ಕರೆದಾಗ ಏಳಲು ಸಿದ್ಧರಾಗಿ ಕಾಯುವ ಹೊತ್ತನ್ನೂ, ಆಯಾ ದೇಶದ ಕಾನೂನು ಹೇಳುವಷ್ಟರ ಮಟ್ಟಿಗೆ, ಕೆಲಸದ ಹೊತ್ತೆಂದೇ ಎಣಿಸಬೇಕೆನ್ನುತ್ತದೆ. ಭಾರತ ಆ ಒಡಂಬಡಿಕೆಯನ್ನು ಇನ್ನೂ ಅನುಮೋದಿಸಿಲ್ಲ.

ಹಾಗಾಗಿ ಹೊಸ ಮನೆಗೆ ಹೋಗುವಾಗ ರಾತ್ರಿ 12ಕ್ಕೆ, 2ಕ್ಕೆ, 4ಕ್ಕೆ ಮಗ್ಗಲು ಬದಲಿಸುವವರು ಯಾರು ಎಂದು ನಾನೇ ಮೊದಲು ಕೇಳುತ್ತೇನೆ. ಮನೆಯವರು ಎಂದರೆ ಅವರಿಗೆ ಹೊರಳಿಸುವ ಕ್ರಮ ಕಲಿಸಿಕೊಡುತ್ತೇನೆ. ನಾನೇ ಮಾಡಬೇಕು ಎಂದರೆ ಹಗಲಿನ ಪಾಳಿಗೆ ಇನ್ನೊಬ್ಬರನ್ನು ಗೊತ್ತುಮಾಡಿಕೊಳ್ಳಲು ತಿಳಿಸುತ್ತೇನೆ.