ಆರ್ಥರ್‌ಗೆ ಹೊರಟಿದ್ದೀರಾ? ಭಾನುವಾರ ಮಾತ್ರ ಬೇಡ

ಇಲಿನಾಯ್ ರಾಜ್ಯದ ಆರ್ಥರ್ ಹಳ್ಳಿಗೆ ಹೊರಡುವವರು ಮೊದಲು ನೋಡಬೇಕಾದದ್ದು ಕ್ಯಾಲೆಂಡರ್. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ರಜೆ ಇದೆ ಎಂದು ನಮ್ಮವರು ಭಾನುವಾರವೇ ಕಾರು ತೆಗೆಯುತ್ತಾರೆ. ಕಾರು ಬಿಟ್ಟು ಕುದುರೆ ಬಗ್ಗಿಯಲ್ಲೇ ಓಡಾಡುವ, ಹಳೆಯ ಕಾಲದ ಸರಳ ಬದುಕಿನ ಕ್ರೈಸ್ತ ಪಂಗಡ ಆಮಿಶ್. ಅವರ ಅಂಗಡಿ ಅವತ್ತು ಒಂದೂ ತೆರೆದಿರುವುದಿಲ್ಲ. ಆಮಿಶ್ ಜನರಿಗೆ ಚರ್ಚ್ ಕಟ್ಟಡವಿಲ್ಲ. ವಾರ ಬಿಟ್ಟು ವಾರ ಯಾರಾದರೊಬ್ಬರ ಮನೆಯಲ್ಲೋ ಕೊಟ್ಟಿಗೆಯಲ್ಲೋ ಸೇರಿ ಮೂರು ಗಂಟೆಯಷ್ಟು ಪ್ರಾರ್ಥನೆ ಮಾಡುತ್ತಾರೆ. ಉಳಿದ ಭಾನುವಾರಗಳು ನೆಂಟರಿಷ್ಟರಿಗೆ. ಈಸ್ಟರ್ ಆದ 39ನೇ ದಿನ, ಗುರುವಾರ ಬರುವ ಅಸೆನ್ಷನ್ (ಯೇಸು ಸ್ವರ್ಗಕ್ಕೇರಿದ ದಿನದ) ಹಬ್ಬಕ್ಕೂ ಬಾಗಿಲು ಹಾಕುತ್ತಾರೆ. ಮಂಗಳವಾರದಿಂದ ಶುಕ್ರವಾರದೊಳಗೆ ಒಂದು ದಿನ ರಜೆ ಹಾಕಿ ಹೋಗುವುದೇ ಲೇಸು. ಶನಿವಾರವಾದರೆ ಬೆಳಿಗ್ಗೆಯೇ ತಲುಪಿ. ಮಧ್ಯಾಹ್ನಕ್ಕೇ ಮುಚ್ಚುವ ಅಂಗಡಿಗಳಿವೆ.

ಊರಿನ ಜನಸಂಖ್ಯೆ ಸುಮಾರು 2,200. ಆಮಿಶ್ ಕುಟುಂಬಗಳು ಹೆಚ್ಚಾಗಿ ಇರುವುದು ಊರೊಳಗಲ್ಲ, ಸುತ್ತಲಿನ ಹೊಲಗಳ ನಡುವೆ. 1865ರ ಹೊತ್ತಿಗೆ ಮೊದಲ ಕುಟುಂಬಗಳು ಇಲ್ಲಿ ಬಂದು ನೆಲೆಸಿದವು. ಮನೆಯಲ್ಲಿ ಆಡುವುದು ಪೆನ್ಸಿಲ್ವೇನಿಯಾ ಡಚ್ ಎಂಬ ಜರ್ಮನ್ ಬಗೆಯ ಮಾತು, ಹೊರಗಿನವರೊಡನೆ ಇಂಗ್ಲಿಷ್. ಮಕ್ಕಳ ಓದು ಎಂಟನೇ ತರಗತಿಗೆ ಮುಗಿಯುತ್ತದೆ. ಮದುವೆಯಾದ ಗಂಡಸರು ಗಡ್ಡ ಬಿಡುತ್ತಾರೆ, ಮೀಸೆ ಬಿಡುವುದಿಲ್ಲ.

ದಾರಿ ಸುಲಭ. ಶಿಕಾಗೊದಿಂದ ಐ-57 ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಬಂದು, ಅರ್ಕೋಲಾ ಬಳಿ 203ನೇ ಎಕ್ಸಿಟ್‌ನಲ್ಲಿ ಇಳಿದು, 133ನೇ ರಸ್ತೆಯಲ್ಲಿ ಪಶ್ಚಿಮಕ್ಕೆ ಸುಮಾರು ಒಂಬತ್ತು ಮೈಲಿ. ಒಟ್ಟು ಎರಡೂಮುಕ್ಕಾಲು ಗಂಟೆ ಹಿಡಿಯಿರಿ. ಶಾಂಪೇನ್‌ನಲ್ಲಿ ಓದುವವರಿಗೆ ಮುಕ್ಕಾಲು ಗಂಟೆಯ ಹಾದಿ. ರೈಲಿನಲ್ಲಿ ಬರುವವರು ಶಾಂಪೇನ್‌ನಲ್ಲೇ ಇಳಿದು ಕಾರು ಬಾಡಿಗೆಗೆ ತೆಗೆದುಕೊಳ್ಳಬೇಕು. ಕಾರಿಲ್ಲದೆ ಇಲ್ಲಿ ತಿರುಗಾಡಲಾಗದು. ಪೆಟ್ರೋಲನ್ನು ಹೆದ್ದಾರಿ ಬಿಡುವ ಮೊದಲೇ ತುಂಬಿಸಿ.

ಕಷ್ಟ ಶುರುವಾಗುವುದು ಊರ ಹೊರಗಿನ ವಿಳಾಸಗಳಲ್ಲಿ. ಹೊಲದ ರಸ್ತೆಗಳಿಗೆ ಹೆಸರಿಲ್ಲ, 200 ನಾರ್ತ್, 425 ಈಸ್ಟ್ ಎಂಬಂಥ ಅಂಕಿಗಳಿವೆ. ಸಾಮಾನ್ಯವಾಗಿ ನೂರಕ್ಕೆ ಒಂದು ಮೈಲಿ: 200 ನಾರ್ತ್ ಎಂದರೆ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ದಕ್ಷಿಣ ಗಡಿಯಿಂದ ಎರಡು ಮೈಲಿ ಉತ್ತರಕ್ಕೆ. ಆರ್ಥರ್ ಇರುವುದು ಮೌಲ್ಟ್ರಿ, ಡಗ್ಲಸ್ ಎಂಬ ಎರಡು ಕೌಂಟಿಗಳ ಗಡಿಯ ಮೇಲೆ. ಎರಡೂ ಕಡೆಯ ಎಣಿಕೆ ಬೇರೆ ಬೇರೆ. ಕೌಂಟಿಯ ಹೆಸರು ನೋಡದೆ ಬರೀ ಅಂಕಿ ಹಾಕಿದರೆ ಮ್ಯಾಪ್ ನಿಮ್ಮನ್ನು ಮುಸುಕಿನ ಜೋಳದ ಹೊಲದ ನಡುವೆ ನಿಲ್ಲಿಸುತ್ತದೆ. ಊರ ಪೇಟೆಯಲ್ಲಿರುವ ಮಾಹಿತಿ ಕೇಂದ್ರದಿಂದ ಕಾಗದದ ನಕ್ಷೆ ತೆಗೆದುಕೊಂಡೇ ಹೊಲದ ಕಡೆ ತಿರುಗಿ.

ಇನ್ನು ಬಗ್ಗಿಗಳ ವಿಷಯ. ಇದನ್ನು ದಯವಿಟ್ಟು ಎರಡು ಸಲ ಓದಿ. ಕುದುರೆ ಕಟ್ಟಿದ ಕಪ್ಪು ಬಗ್ಗಿ ಗಂಟೆಗೆ ಸುಮಾರು 10 ಮೈಲಿ ಹೋಗುತ್ತದೆ, ನೀವು 55ರಲ್ಲಿ ಬರುತ್ತೀರಿ. 500 ಅಡಿ ಮುಂದೆ ಕಂಡ ಬಗ್ಗಿಯನ್ನು ಏಳೂವರೆ ಸೆಕೆಂಡಿನಲ್ಲಿ ಮುಟ್ಟುತ್ತೀರಿ. ಹಿಂದೆ ಅಂಟಿಸಿರುವ ಕಿತ್ತಳೆ ತ್ರಿಕೋನ ಕಂಡ ತಕ್ಷಣ ಕಾಲು ಬ್ರೇಕಿಗೆ ಹೋಗಬೇಕು. ಹಾರ್ನ್ ಹೊಡೆಯಬೇಡಿ, ಕುದುರೆ ಬೆದರುತ್ತದೆ. ಎದುರು ರಸ್ತೆ ಪೂರ್ತಿ ಖಾಲಿ ಕಂಡಾಗ, ಪಕ್ಕದ ಲೇನಿಗೆ ಪೂರಾ ಹೋಗಿ ದಾಟಿ, ಕುದುರೆಯ ಮೂತಿ ಕನ್ನಡಿಯಲ್ಲಿ ದೂರವಾದ ಮೇಲೆ ಮಾತ್ರ ಮತ್ತೆ ಒಳಗೆ ಬನ್ನಿ. ಮನೆಯ ದಾರಿ ಹತ್ತಿರ ಇದ್ದರೆ ದಾಟಲೇಬೇಡಿ. ಬಗ್ಗಿ ಎಡಕ್ಕೆ ತಿರುಗಬಹುದು. ಜುಲೈ, ಆಗಸ್ಟ್‌ನಲ್ಲಿ ಮುಸುಕಿನ ಜೋಳ ಆಳುದ್ದಕ್ಕಿಂತ ಎತ್ತರ ಬೆಳೆದು ಪ್ರತಿ ಕೂಡುರಸ್ತೆಯನ್ನೂ ಮರೆಮಾಡುತ್ತದೆ. ಅಂಗಡಿ ಮುಂದೆ ಕಂಬಿ ಇದ್ದರೆ ಅದು ಕುದುರೆ ಕಟ್ಟುವ ಜಾಗ. ಅಲ್ಲಿ ಕಾರು ನಿಲ್ಲಿಸಬೇಡಿ.

ಫೋಟೊ: ಹೊಲ, ಕೊಟ್ಟಿಗೆ, ಖಾಲಿ ನಿಂತ ಬಗ್ಗಿ ತೆಗೆಯಬಹುದು. ಮುಖ ಕಾಣುವಂತೆ ಯಾರನ್ನೂ ತೆಗೆಯಬೇಡಿ. ಮನುಷ್ಯರ ಬಿಂಬ ಮಾಡಿಕೊಳ್ಳುವುದು ಅವರ ನಂಬಿಕೆಗೆ ಒಗ್ಗದು. ದೂರದಿಂದ ಜೂಮ್ ಹಾಕಿ ಮಕ್ಕಳ ಚಿತ್ರ ಹಿಡಿಯುವುದು ಇನ್ನೂ ಕೆಟ್ಟದ್ದು. ಇದು ಬದುಕುವ ಊರು, ಪ್ರದರ್ಶನವಲ್ಲ. ಹಳೆಯ ಮನೆಯೊಳಗೆ ಹೋಗಿ ನೋಡುವ ಆಸೆಯಿದ್ದರೆ 133ನೇ ರಸ್ತೆಯಲ್ಲೇ ಇಲಿನಾಯ್ ಆಮಿಶ್ ಹೆರಿಟೇಜ್ ಸೆಂಟರ್ ಇದೆ; ತೆರೆದಿರುವ ದಿನ ವಿಚಾರಿಸಿಕೊಂಡು ಹೋಗಿ.

ಊಟದಲ್ಲಿ ಸಸ್ಯಾಹಾರಿಗಳು ಕೇಳಿಯೇ ತಿನ್ನಬೇಕು. ಹಸಿರು ಬೀನ್ಸ್‌ ಪಲ್ಯ ನೋಡಲು ನಮ್ಮದರಂತೆಯೇ ಇರುತ್ತದೆ, ಆದರೆ ಬೇಯಿಸುವಾಗ ಹಂದಿಮಾಂಸ ಹಾಕುವುದು ರೂಢಿ. ಆಲೂಗಡ್ಡೆಯ ಮೇಲೆ ಹುಯ್ಯುವ ಗ್ರೇವಿ ಕೋಳಿಯದ್ದೋ ದನದ್ದೋ ಆಗಿರುತ್ತದೆ. ನೂಡಲ್ಸ್‌ನಲ್ಲಿ ಮೊಟ್ಟೆ, ಪೈ ಹಣ್ಣಿನದೇ ಆದರೂ ಅದರ ಹಿಟ್ಟಿನಲ್ಲಿ ಹಂದಿಕೊಬ್ಬು ಇರಬಹುದು. ಆಮಿಶ್ ಪೀನಟ್ ಬಟರ್‌ಗೆ ಸೇರಿಸುವ ಮಾರ್ಷ್‌ಮ್ಯಾಲೊ ಕ್ರೀಮಿನಲ್ಲಿ ಮೊಟ್ಟೆಯ ಬಿಳಿ ಇರುತ್ತದೆ. ಆ್ಯಪಲ್ ಬಟರ್ ಧೈರ್ಯವಾಗಿ ತಿನ್ನಿ. ಹೆಸರಲ್ಲಿ ಬೆಣ್ಣೆ ಇದ್ದರೂ ಅದು ಸೇಬನ್ನು ಗಂಟೆಗಟ್ಟಲೆ ಕುದಿಸಿದ ಲೇಹ್ಯ. ಅಪ್ಪ ಅಮ್ಮ ಜೊತೆಗಿದ್ದರೆ ಬುತ್ತಿ ಕಟ್ಟಿಕೊಂಡು ಹೋಗುವುದು ನೆಮ್ಮದಿ.

ಕೊಳ್ಳಲು ನಮ್ಮವರಿಗೆ ಒಂದು ವಿಶೇಷ ವಸ್ತುವಿದೆ: ಸಾರ್ಗಮ್ ಪಾಕ. ಸಿಹಿ ದಂಟಿನ ಜೋಳವನ್ನು (ಮುಸುಕಿನ ಜೋಳವಲ್ಲ) ಗಾಣಕ್ಕೆ ಕೊಟ್ಟು, ದಂಟಿನ ಹಾಲು ಹಿಂಡಿ, ಅಗಲದ ಕೊಪ್ಪರಿಗೆಯಲ್ಲಿ ನೊರೆ ತೆಗೆಯುತ್ತ ಕಾಯಿಸಿದ್ದು. ಬಣ್ಣ, ಹರಿವು, ನಾಲಿಗೆಯ ಕೊನೆಗೆ ಉಳಿಯುವ ಸಣ್ಣ ಒಗರು ಎಲ್ಲವೂ ಮಲೆನಾಡಿನ ಜೋನಿಬೆಲ್ಲದ ಹತ್ತಿರದ ನೆಂಟ. ದೋಸೆಗೆ ಹೇಳಿ ಮಾಡಿಸಿದ ಹಾಗಿರುತ್ತದೆ. ಲೇಬಲ್ಲಿನಲ್ಲಿ ಕಾರ್ನ್ ಸಿರಪ್ ಎಂದಿದ್ದರೆ ಬೆರಕೆ, ಬಿಡಿ. ದಾರಿಯಲ್ಲಿ ಸಿಗುವ ಅರ್ಕೋಲಾ ಒಂದು ಕಾಲಕ್ಕೆ ಪೊರಕೆ ಜೋಳಕ್ಕೆ ಹೆಸರಾದ ಊರು. ಪೊರಕೆಯ ಜೋಳ, ಪಾಕದ ಜೋಳ, ನಮ್ಮ ರೊಟ್ಟಿಯ ಜೋಳ ಮೂರೂ ಒಂದೇ ಸಸ್ಯಜಾತಿಯವು. ಉತ್ತರ ಕರ್ನಾಟಕದ ಹಿರಿಯರು ಜೊತೆಗಿದ್ದರೆ ತೋರಿಸಿ.

ನಗದು ಇಟ್ಟುಕೊಳ್ಳಿ, ಕಾರ್ಡ್ ಎಲ್ಲ ಕಡೆ ನಡೆಯುವುದಿಲ್ಲ. ಲೇಬರ್ ಡೇ (ಸೆಪ್ಟೆಂಬರ್‌ನ ಮೊದಲ ಸೋಮವಾರ) ವಾರಾಂತ್ಯದಲ್ಲಿ ಇಲ್ಲಿ ಚೀಸ್ ಹಬ್ಬ ನಡೆಯುತ್ತದೆ, ಜಾತ್ರೆಯ ಗದ್ದಲ. ಹಳ್ಳಿಯ ನಿಶ್ಶಬ್ದ ಬೇಕಾದವರು ಅದನ್ನು ತಪ್ಪಿಸಿ. ಆಮಿಶ್ ಬಡಗಿಗಳಿಂದ ಮೇಜು, ಕುರ್ಚಿ ಮಾಡಿಸುವವರು ಅಳತೆ ಬರೆದುಕೊಂಡು ಹೋಗಿ: ನಿಮ್ಮ ಮನೆಯ ಬಾಗಿಲಿನ ಅಗಲವೂ ಸೇರಿ. ಮುಂಗಡ ಕೊಟ್ಟ ಮೇಲೆ ಕೆಲವು ವಾರಗಳಿಂದ ತಿಂಗಳುಗಳವರೆಗೆ ಕಾಯಬೇಕು. ವಿಚಾರಿಸಲು ಫೋನ್ ಮಾಡಿದರೆ ಗಂಟೆ ಬಾರಿಸುವುದು ಹಲವು ಕಡೆ ಮನೆಯೊಳಗಲ್ಲ, ಫೋನ್‌ಗೆಂದೇ ಹಿತ್ತಿಲಿನಲ್ಲಿ ಕಟ್ಟಿದ ಗೂಡಿನಲ್ಲಿ. ಯಾರೂ ಎತ್ತದಿದ್ದರೆ ವಾಯ್ಸ್‌ಮೇಲ್‌ನಲ್ಲಿ ಹೆಸರು, ನಂಬರು ನಿಧಾನವಾಗಿ ಎರಡು ಸಲ ಹೇಳಿ ಇಟ್ಟುಬಿಡಿ. ಮರುದಿನ ಬೆಳಿಗ್ಗೆ ಹಾಲು ಕರೆದಾದ ಮೇಲೆ ಅವರೇ ಕರೆಯಬಹುದು.